ಹಾವುಮೀನಿಗೆ ಒಂದು ಗೇಣು ದಾರಿ

ಮನುಕಾವ್

ನ್ಯೂಜಿಲೆಂಡಿನ ಈ ಕಾಲುವೆಯ ಲಾಭವನ್ನು ಉಂಡವರು ಹಸು ಸಾಕುವವರು ಮತ್ತು ಭೂಮಿ ಮಾರುವವರು. ಅದರ ಪರಿಣಾಮವನ್ನು ಹೊತ್ತವರು ಬೇರೆಯವರು: ಜೌಗಿನಲ್ಲಿ ತಲೆಮಾರುಗಳಿಂದ ಬದುಕಿದ್ದ ಮೂಲನಿವಾಸಿ ಮಾವೊರಿ ಕುಟುಂಬಗಳು, ದೋಣಿಗಳನ್ನು ಏರಿಸಿ ಇಳಿಸುವ ಲಾಕ್ ಕಾಯುವವನ ಹೆಂಡತಿ, ಮತ್ತು ಹಾವುಮೀನು. ದಡದ ಮೇಲೆ ನಿಲ್ಲಿಸಿರುವ ಕಂಚಿನ ಫಲಕದಲ್ಲಿ ಈ ಮೂವರಲ್ಲಿ ಒಬ್ಬರೂ ಇಲ್ಲ. ಅಲ್ಲಿರುವುದು ಇಂಜಿನಿಯರನ ಹೆಸರು, ಅವನ ಪದವಿಗಳು ಮತ್ತು ಉಬ್ಬುಚಿತ್ರದಲ್ಲಿ ಅವನ ಮೀಸೆ. ಮೀಸೆಗೆ ಸುರಿದ ಕಂಚಿನಲ್ಲಿ ಮೂರು ಹೆಸರುಗಳನ್ನು ಧಾರಾಳವಾಗಿ ಬರೆಯಬಹುದಿತ್ತು.

ಲಾಕ್ ಇರುವ ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಆ ಲಾಕನ್ನು ನೋಡಿಕೊಳ್ಳುವ ಸಮಿತಿಯ ಏಳು ಮಂದಿಯಲ್ಲಿ ಐವರು ನಿಜಕ್ಕೂ ಒಳ್ಳೆಯವರು. ಒಳ್ಳೆಯವರು ಸೇರಿ ತಪ್ಪು ಮಾಡುವಾಗ ಊರು ಹೆಸರು ಹಿಡಿದು ಬೈದರೆ ಅವರು ನೊಂದುಕೊಂಡು ಕೂತುಬಿಡುತ್ತಾರೆ, ತಪ್ಪು ನಿಶ್ಚಿಂತೆಯಿಂದ ಮುಂದುವರಿಯುತ್ತದೆ. ಇದು ನಾನು ಇಷ್ಟು ವರ್ಷಗಳ ಧರಣಿ, ಮನವಿ, ಸಹಿ ಸಂಗ್ರಹಗಳಿಂದ ಕಲಿತ ಪಾಠ.

ನ್ಯೂಜಿಲೆಂಡಿಗೆ ನಾನು ಹೋದದ್ದು ಚಿಕ್ಕಮ್ಮನ ಮಗಳು ಶೈಲಾಳನ್ನು ನೋಡಲು. ಧಾರವಾಡದಲ್ಲಿ ಹುಟ್ಟಿ ಬೆಳೆದ ಅವಳು ಆಕ್ಲೆಂಡಿನ ದಕ್ಷಿಣಕ್ಕಿರುವ ಮನುಕಾವ್‌ನಲ್ಲಿ, ಚರಂಡಿ, ಮೋರಿ, ಕಾಲುವೆಗಳ ನಕ್ಷೆ ಬರೆಯುವ ಕಚೇರಿಯೊಂದರಲ್ಲಿ ಇಂಜಿನಿಯರ್. ಹೋದ ಎರಡನೆಯ ಶನಿವಾರ ಅವಳೇ ಹೇಳಿದಳು:

"ಅಕ್ಕಾ, ಇವತ್ತ ಒಂದು ಹಳೇ ಲಾಕ್ ನೋಡ್ಲಿಕ್ಕೆ ಹೋಗೂಣು. ಅದರ ಬಾಗ್ಲಾ ಕಾಂಕ್ರೀಟ್ ಹಾಕಿ ಮುಚ್ಚೋ ಡ್ರಾಯಿಂಗ್ ನಂದs. ಆದ್ರ ಜಾಗಾ ನಾ ನೋಡಿಲ್ಲ."

"ನೋಡದೆ ಹೇಗೆ ಬರೆದೆ?"

"ಡ್ರೋನ್ ಫೋಟೊ ಇದ್ದುವಲ್ಲ."

ನಾನು ಓದಿದ ಶಾಲೆಯಲ್ಲಿ ಪರೀಕ್ಷೆಯಿರಲಿಲ್ಲ, ಬೆತ್ತವಿರಲಿಲ್ಲ; ಒಂದು ಎಲೆಯ ಚಿತ್ರ ಬರೆಯುವುದಕ್ಕೂ ಮೊದಲು ಆ ಮರದ ಕೆಳಗೆ ಅರ್ಧ ದಿನ ಸುಮ್ಮನೆ ಕೂರಿಸುತ್ತಿದ್ದರು. ಅದರ ಫಲವಾಗಿ ನನಗೆ ಗಣಿತ ಇಂದಿಗೂ ಬಾರದು, ಆದರೆ ನೋಡದೆ ಬರೆಯುವುದು ತಪ್ಪೆಂಬುದು ಗೊತ್ತು. ಜಾಗವನ್ನು ಮೇಲಿನಿಂದ ಕಂಡವರು ಕೆಳಗಿರುವವರಿಗೆ ಮಾಡುವ ಅನ್ಯಾಯದ ಬಗ್ಗೆ ಶೈಲಾಳಿಗೆ ವಿಸ್ತಾರವಾಗಿ ವಿವರಿಸಿದೆ. ಅವಳು ಪೂರ್ತಿ ಕೇಳಿ, "ಆತಿಲ್ಲೊ? ಈಗ ಉಪ್ಪಿಟ್ಟು ತಿನ್ನು, ಆರಿ ಹೋಗ್ಲಿಕತ್ತದ" ಎಂದಳು.

ಬಯಲು

ಮನುಕಾವ್‌ನ ಅಂಗಡಿ ಸಾಲುಗಳು ಮುಗಿದ ಮೇಲೆ ಗುಡ್ಡಗಳು, ಗುಡ್ಡಗಳು ಮುಗಿದ ಮೇಲೆ ಬಯಲು. ಇಸ್ತ್ರಿ ಮಾಡಿದಂಥ ಬಯಲು. ಅದರ ಮೇಲೆ ಹಸುಗಳು, ಹಸುಗಳ ನಡುವೆ ಗೆರೆ ಎಳೆದಂತೆ ನೇರ ಕಾಲುವೆಗಳು. ಇಲ್ಲಿ ದೊಡ್ಡ ಜೌಗು ಇತ್ತೆಂದು ಓದಿದ್ದೆ. ಎಲ್ಲಿ ಎಂದು ಕೇಳಿದೆ.

"ಇದs ಜೌಗು. ನೀ ಅದರ ಮ್ಯಾಲ ಹೊಂಟೀದಿ," ಎಂದಳು ಶೈಲಾ. "ನೀರೆಲ್ಲಾ ಬಸಿದು ಬಿಟ್ಟಾರ."

ಜೌಗನ್ನು ಬಸಿಯುವುದಕ್ಕೆ ಇಲ್ಲಿ ಇಟ್ಟ ಹೆಸರು ಸುಧಾರಣೆ. ನಮ್ಮಲ್ಲಿಯೂ ಕೆರೆಯಂಗಳದಲ್ಲಿ ಬಸ್ ನಿಲ್ದಾಣ ಕಟ್ಟುವಾಗ ಇಡುವ ಹೆಸರು ಅದೇ. ಈ ಒಂದು ಪದದ ಮೇಲೆ ಎರಡೂ ದೇಶಗಳಲ್ಲಿ ಏಕಕಾಲಕ್ಕೆ ಮೊಕದ್ದಮೆ ಹೂಡಬೇಕು.

ದಾರಿಯಲ್ಲಿ ಒಂದು ಡೈರಿ ಸಿಕ್ಕಿತು. ಹಾಲಿನಿಂದ ಹಿಡಿದು ಬೂಟಿನ ದಾರದವರೆಗೆ ಎಲ್ಲವನ್ನೂ ಮಾರುವ ಮೂಲೆ ಅಂಗಡಿಗೆ ಇಲ್ಲಿ ಹಾಗೆನ್ನುತ್ತಾರೆ. ಅಲ್ಲಿ ಚೀಸ್ ತುಂಬಿದ ಪೈ ಕೊಂಡು, ದೋಸೆಯಂತೆ ಧೈರ್ಯವಾಗಿ ಕಚ್ಚಿದೆ. ಒಳಗಿದ್ದ ಕುದಿಯುವ ಚೀಸು ನನ್ನ ಖಾದಿ ಕುರ್ತಾದ ಮೇಲೆ ನಿಧಾನವಾಗಿ ಇಳಿಯಿತು. ಅಂಗಡಿಯಲ್ಲಿದ್ದ ಮೂವರು ಅಪರಿಚಿತರು ಒಟ್ಟಿಗೇ ಕ್ಷಮೆ ಕೇಳಿದರು. ಇದು ಇಲ್ಲಿಯವರ ವಿಚಿತ್ರ ಸ್ವಭಾವ: ನೀವು ಅವರ ಕಾಲು ತುಳಿದರೂ ಅವರೇ ಕ್ಷಮೆ ಕೇಳುತ್ತಾರೆ. ಜೌಗಿನ ವಿಷಯದಲ್ಲಿ ಮಾತ್ರ ಯಾರೂ ಕೇಳಿದಂತಿಲ್ಲ.

ಲಾಕ್

ಲಾಕ್ ಎಂದರೆ ದೋಣಿಗಳ ಮೆಟ್ಟಿಲು. ಕಲ್ಲು ಕಟ್ಟಿದ ಉದ್ದನೆಯ ತೊಟ್ಟಿ, ಅದರ ಎರಡು ತುದಿಗಳಲ್ಲಿ ಒಂದೊಂದು ಜೊತೆ ಮರದ ಕದ. ಸಮುದ್ರದ ಕಡೆಯಿಂದ ಬಂದ ದೋಣಿ ಒಳಹೊಕ್ಕ ಮೇಲೆ ಹಿಂದಿನ ಕದ ಮುಚ್ಚಿ, ತೊಟ್ಟಿಗೆ ನೀರು ಬಿಟ್ಟರೆ ದೋಣಿ ಮೇಲೇರುತ್ತದೆ. ಮುಂದಿನ ಕದ ತೆರೆದರೆ ಒಳಕಾಲುವೆಗೆ ಹೊರಡುತ್ತದೆ. ಇಲ್ಲಿ ಒಂದು ಕಾಲಕ್ಕೆ ನಾರಿನ ಹೊರೆ, ಆಮೇಲೆ ಹಾಲಿನ ಕ್ಯಾನುಗಳು ಹೀಗೆ ಏರಿ ಇಳಿದವು. ಈಗ ಒಳಗಿನ ಜೊತೆ ಕೊಳೆತು ಹೋಗಿದೆ. ಸಮುದ್ರದ ಕಡೆಯ ಜೊತೆ ಉಳಿದಿದೆ. ಅದರ ಎರಡು ಕದಗಳು ಕೈಮುಗಿದಂತೆ ಸಮುದ್ರದತ್ತ ಚೂಪಾಗಿ ಕೂಡಿಕೊಳ್ಳುತ್ತವೆ. ಉಬ್ಬರ ತಳ್ಳಿದಷ್ಟೂ ಬಿಗಿಯಾಗುತ್ತವೆ. ಇಳಿತದಲ್ಲಿ ತೆರೆದುಕೊಳ್ಳದಂತೆ ಅವಕ್ಕೆ ಸರಪಳಿ.

ಅಲ್ಲಿ ನಮ್ಮನ್ನು ಎದುರುಗೊಂಡವರು ಬ್ರಯನ್, ಸಮಿತಿಯ ಕಾರ್ಯದರ್ಶಿ, ನಿವೃತ್ತ ಪಶುವೈದ್ಯ. ಬಂದವರಿಗೆಲ್ಲ ಸಂಬಳವಿಲ್ಲದೆ, ಸ್ವಯಂಸೇವಕರಾಗಿ ಲಾಕ್ ತೋರಿಸುತ್ತಾರೆ. ಚಳಿಯಲ್ಲೂ ಚಡ್ಡಿ. ಕದಗಳನ್ನು ತೋರಿಸಿ ಹೆಮ್ಮೆಯಿಂದ, "ಪರವಾಗಿಲ್ಲ, ಅಲ್ಲವಾ?" ಎಂದರು. ಇಲ್ಲಿಯವರ ಅತ್ಯುನ್ನತ ಪ್ರಶಂಸೆ ಅದೇ. ಸೊಸೆಯ ಅಡುಗೆಗೆ ನಮ್ಮ ಅತ್ತೆಯರು ಕೊಡುವ ಪ್ರಶಸ್ತಿಯೂ ಅದೇ ಆದ್ದರಿಂದ ನನಗೆ ಕೂಡಲೇ ಅರ್ಥವಾಯಿತು.

"ಕದಗಳು ಸೋರುತ್ತವೆ," ಎಂದರು ಬ್ರಯನ್. "ಅವುಗಳ ಹಿಂದೆ ಕಾಂಕ್ರೀಟ್ ಗೋಡೆ ಹಾಕಿದರೆ ತೊಟ್ಟಿ ಸದಾ ತುಂಬಿರುತ್ತೆ. ಲಾಕ್ ಕಾವಲುಗಾರನ ಮನೆಯ ಬಿಂಬ ನೀರಲ್ಲಿ ಬೀಳುತ್ತೆ. ಮದುವೆ ಫೋಟೊಗೆ ಜನ ಬರ್ತಾರೆ. ಆ ಗೋಡೆಯ ನಕ್ಷೆ ಬಹಳ ಚೆನ್ನಾಗಿದೆ."

ಶೈಲಾ ತನ್ನ ಬೂಟುಗಳನ್ನು ನೋಡಿಕೊಂಡಳು.

ನಾನು ಬ್ರಯನ್ನರಿಗೆ ನಮ್ಮ ಕೆರೆಗಳ ತೂಬಿನ ವಿಷಯ ಹೇಳಿದೆ. ಊರಿನ ಗದ್ದೆಗಳಿಗೆಲ್ಲ ನೀರು ಹಾಯಿಸುತ್ತಿದ್ದ ನಮ್ಮ ನೀರುಗಂಟಿಗೆ ಎಷ್ಟೋ ಕಡೆ ತನ್ನದೆಂಬ ಗದ್ದೆಯಿರಲಿಲ್ಲ. ಅದೇ ಊರಿನ ಬಾವಿಯನ್ನು ಅವನು ಮುಟ್ಟುವಂತಿರಲಿಲ್ಲ. ತೂಬಿನ ಕೀಲು ಅವನ ಕೈಯಲ್ಲಿ, ನೀರು ಇನ್ನೊಬ್ಬರದು. ಬ್ರಯನ್ ಗಂಭೀರವಾಗಿ ತಲೆಯಾಡಿಸಿದರು. "ನಮ್ಮಲ್ಲಿ ಹಾಗೇನೂ ಇರಲಿಲ್ಲ," ಎಂದರು. ಹಾಗೇನೂ ಇರಲಿಲ್ಲ ಎನ್ನುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ, ಮತ್ತು ಸಾಮಾನ್ಯವಾಗಿ ಕಾರ್ಯದರ್ಶಿಗಳಾಗಿರುತ್ತಾರೆ.

ಕಾವಲುಗಾರನ ಮನೆ

ಜನ್ಮವಿಡೀ ಹೊಸಿಲಲ್ಲಿ ಚಪ್ಪಲಿ ಬಿಟ್ಟು ಬದುಕಿದ ನಾನು, ಇದು ವಿದೇಶ, ಅದರಲ್ಲೂ ವಸ್ತುಸಂಗ್ರಹಾಲಯ ಎಂಬ ತಿಳುವಳಿಕೆಯಿಂದ, ಕೆಸರು ಬೂಟಿನಲ್ಲಿಯೇ ಕಾವಲುಗಾರನ ಮನೆಯನ್ನು ಪ್ರವೇಶಿಸಿದೆ. ಆಗತಾನೆ ಒರೆಸಿದ್ದ ಮರದ ನೆಲದ ಮೇಲೆ ನನ್ನ ಹೆಜ್ಜೆಗಳು ಸ್ಪಷ್ಟವಾಗಿ ಮೂಡಿದವು. ಹಿಂದಿನಿಂದ ಒಂದು ದನಿ ಬಂತು: "ಬೂಟು."

ತಿರುಗಿ ನೋಡಿದರೆ ಕೋಲಿಗೆ ಕಟ್ಟಿದ ನೆಲ ಒರೆಸುವ ಬಟ್ಟೆ ಹಿಡಿದು ನಿಂತಿದ್ದ ಮಾವೊರಿ ಹೆಂಗಸು, ಸುಮಾರು ನನ್ನದೇ ವಯಸ್ಸು. ಹೊರಗೆ ಎಲ್ಲರ ಬೂಟುಗಳೂ ಸಾಲಾಗಿದ್ದವು, ಬ್ರಯನ್ನರದೂ ಸೇರಿ. ನಾಚಿಕೆಯಿಂದ ಬೂಟು ಕಳಚಿ ಬಂದೆ. ಬಂದವಳು ಸುಮ್ಮನಿರಲಿಲ್ಲ. ಪರಂಪರೆಯ ಹೆಸರಿನಲ್ಲಿ ಹೆಂಗಸರಿಂದ ಬಿಟ್ಟಿ ದುಡಿಸಿಕೊಳ್ಳುವ ಸಂಸ್ಥೆಗಳ ಬಗ್ಗೆ, ಅದರಲ್ಲೂ ಭೂಮಿ ಕಳೆದುಕೊಂಡವರ ಕೈಗೇ ಪೊರಕೆ ಕೊಡುವ ಕ್ರೌರ್ಯದ ಬಗ್ಗೆ ಮಾತನಾಡಿ, ನ್ಯಾಯವಾದ ಕೂಲಿಯನ್ನು ಕೇಳಬೇಕೆಂದು ಒತ್ತಾಯಿಸಿದೆ.

ಆಕೆ ಕೊನೆಯವರೆಗೂ ಕೇಳಿದರು. "ನೀವು ಹೇಳೋದು ಪೂರ್ತಿ ಸರಿ," ಎಂದರು. ಆಮೇಲೆ ಕೋಲನ್ನು ನನ್ನ ಕೈಗೆ ಕೊಟ್ಟರು. "ಆ ಮೂಲೆ ಉಳಿದಿದೆ."

ಹೀಗೆ ನಾನು ನ್ಯೂಜಿಲೆಂಡಿನ ಪಾರಂಪರಿಕ ಕಟ್ಟಡವೊಂದರ ನೆಲವನ್ನು ಒರೆಸಿದೆ. ಒರೆಸುತ್ತಿದ್ದಾಗ ತಿಳಿದದ್ದು ಇಷ್ಟು: ಆಕೆಯ ಹೆಸರು ಅರೋಹಾ. ಅಲ್ಲಿ ಕೆಲಸದವರಲ್ಲ; ಕೊನೆಯ ಕಾವಲುಗಾರನ ಮೊಮ್ಮಗಳು. ಅಜ್ಜ ಇಂಗ್ಲೆಂಡಿನಿಂದ ಬಂದವನು, ಅಜ್ಜಿ ಇದೇ ಜೌಗಿನ ಮಾವೊರಿ ಕುಟುಂಬದವಳು. ಅಜ್ಜಿಯ ಮನೆಗೆ ಯಾರಾದರೂ ಕೆಸರು ತಂದರೆ ಸಹಿಸಲಾಗದೆ ಶನಿವಾರಗಳಂದು ತಾವೇ ಬಂದು ಒರೆಸುತ್ತಾರೆ.

ಆ ಅಜ್ಜಿ ಮನೆಯಲ್ಲಿ ಎಲ್ಲಿದ್ದಾಳೆಂದು ಹುಡುಕಿದೆ. ಮುಂದಿನ ಕೋಣೆಯಲ್ಲಿ ಕಾವಲುಗಾರನ ಕೋಟು, ಟೋಪಿ, ಹೊಗೆಸೊಪ್ಪು ಸೇದುವ ಕೊಳವೆ. ಇವನ್ನೆಲ್ಲ ತೊಟ್ಟ ಒಂದು ಬೊಂಬೆ. ಬಟ್ಟೆ ಅಂಗಡಿಯಿಂದ ತಂದ ಬೊಂಬೆಯಾದ್ದರಿಂದ ಕಾವಲುಗಾರ ಸೊಂಟದ ಮೇಲೆ ಕೈಯಿಟ್ಟು, ಈಜುಡುಗೆಯ ಜಾಹೀರಾತಿಗೆ ನಿಂತವನಂತೆ ಓರೆಯಾಗಿ ನಿಂತಿದ್ದ. ಹಿಂದಿನ ಅಡುಗೆಮನೆಯಲ್ಲಿ ಒಂದು ಏಪ್ರನ್ ಮೊಳೆಗೆ ತೂಗುತ್ತಿತ್ತು, ಮೇಜಿನ ಮೇಲೆ ಪ್ಲಾಸ್ಟಿಕ್ ಸ್ಕೋನುಗಳು, ಅಂದರೆ ಇಂಗ್ಲಿಷರ ಪುಟ್ಟ ಬನ್ನುಗಳು, ಇದ್ದವು. ಚೀಟಿಯಲ್ಲಿ ಬರೆದಿತ್ತು: ಕಾವಲುಗಾರನ ಪತ್ನಿ. ಹೆಸರಿಲ್ಲ.

"ಅವಳ ಹೆಸರು ಮಕೆರೆ," ಎಂದರು ಅರೋಹಾ. "ಸ್ಕೋನು ಮಾಡೋಕೆ ಬರ್ತಿರಲಿಲ್ಲ. ಕದ ಕಾಯ್ತಿದ್ದವಳು ಅವಳೇ. ಅಜ್ಜನಿಗೆ ಸಂಜೆಯಾದರೆ ಕುಡಿತ, ಕುಡಿದರೆ ನಿದ್ದೆ."

ಅಡುಗೆಮನೆಯ ಬಾಗಿಲು

ಆಮೇಲೆ ಅರೋಹಾ ವಿಷಯಕ್ಕೆ ಬಂದರು. ಈ ಕಾಲುವೆಗಳಲ್ಲಿ ಬೆಳೆಯುವ ಹಾವುಮೀನು ಹತ್ತಾರು ವರ್ಷ ಇಲ್ಲಿಯೇ ಇರುತ್ತದೆ. ಬದುಕಿನಲ್ಲಿ ಒಂದೇ ಒಂದು ಸಲ, ಮಾಗಿದ ಮೇಲೆ, ಶರತ್ಕಾಲದ, ಇಲ್ಲಿಯ ಮಾರ್ಚ್‌ನಿಂದ ಮೇವರೆಗಿನ, ದೊಡ್ಡ ಮಳೆಯ ರಾತ್ರಿ ಸಮುದ್ರಕ್ಕೆ ಹೊರಡುತ್ತದೆ. ದೂರದ ಬೆಚ್ಚಗಿನ ಆಳದಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ಅದಕ್ಕಿರುವ ದಾರಿಗಳು ಎರಡು. ಒಂದು, ಮಳೆನೀರನ್ನು ಹೊರಹಾಕುವ ಪಂಪು. ಅದರೊಳಗೆ ಹೊಕ್ಕ ಹಾವುಮೀನು ಆಚೆ ಬದಿಗೆ ತುಂಡುಗಳಾಗಿ ಬರುತ್ತದೆ. ಇನ್ನೊಂದು, ಈ ಲಾಕಿನ ಸೋರುವ ಕದಗಳ ಸಂದು. ಕಾಂಕ್ರೀಟ್ ಬಿದ್ದರೆ ಉಳಿಯುವುದು ಪಂಪು.

"ಆ ಮಳೆಯ ರಾತ್ರಿಗಳಲ್ಲಿ ಅಜ್ಜಿ ಸರಪಳಿ ಸಡಿಲಿಸಿ ಕದವನ್ನ ಒಂದು ಗೇಣು ತೆರೆದಿಡ್ತಿದ್ದಳು. ಅವಳ ಅಮ್ಮ ಹಾವುಮೀನಿಗೆ ದಾರಿ ಬಿಡ್ತಿದ್ದಳು, ಇವಳೂ ಬಿಟ್ಟಳು. ಸಮಿತಿಗೆ ಹೇಳಿ ಹೇಳಿ ಸಾಕಾಗಿದೆ."

ಬ್ರಯನ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅವರಿಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರಂತೆ. "ಅರೋಹಾ, ನಿಯಮ ನಿನಗೂ ಗೊತ್ತು," ಎಂದರು. "ಹಿಂದೆ ಹೇಗೆ ನಡೀತಿತ್ತೋ ಹಾಗೇ ಕಾಪಾಡಬೇಕು. ನಿನ್ನಜ್ಜನ ದಿನಚರಿ ಪುಸ್ತಕ ಇದೆ. ದಿನಾ ರಾತ್ರಿ ಬಾಗಿಲು ಮುಚ್ಚಿದೆ ಅಂತ ಬರೆದಿದಾನೆ."

"ಅಜ್ಜಿ ತೆರೆದಳು ಅಂತ ನಾನು ಹೇಳಿದರೆ ಅದು ಕಥೆ," ಎಂದರು ಅರೋಹಾ ನನ್ನತ್ತ ತಿರುಗಿ. "ಅಜ್ಜ ಮುಚ್ಚಿದೆ ಅಂತ ಬರೆದರೆ ಅದು ದಾಖಲೆ."

ಆ ಪುಸ್ತಕವನ್ನು ನೋಡಬಹುದೇ ಎಂದೆ. ಬ್ರಯನ್ ಬಿಳಿ ಕೈಗವಸು ಹಾಕಿಕೊಂಡು ಗಾಜಿನ ಪೆಟ್ಟಿಗೆಯಿಂದ ಅದನ್ನು ಮಗುವನ್ನು ಎತ್ತಿದಂತೆ ಎತ್ತಿ ತಂದರು. ನನಗೂ ಒಂದು ಜೊತೆ ಕೈಗವಸು ಕೊಟ್ಟರು.

ಅವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ನಾನು ಉದ್ಯೋಗ ಖಾತ್ರಿ ಕಾಮಗಾರಿಗಳ ಹಾಜರಿ ಪಟ್ಟಿಗಳನ್ನು ಪರಿಶೀಲಿಸುತ್ತ ಪಂಚಾಯಿತಿ ಕಚೇರಿಗಳಲ್ಲಿ ವರ್ಷಗಟ್ಟಲೆ ಕೂತವಳು. ಸತ್ತವರು ಹೂಳೆತ್ತಿದ್ದನ್ನು, ಹುಟ್ಟದವರು ಮಣ್ಣು ಹೊತ್ತದ್ದನ್ನು ಕಣ್ಣಾರೆ ಓದಿದವಳು. ಕುಳಿತು ಒಂದೇ ಸಲ ತಿಂಗಳಿಡೀ ತುಂಬಿದ ಪುಟಕ್ಕೊಂದು ಲಕ್ಷಣವಿರುತ್ತದೆ: ಶಾಯಿ ಒಂದೇ ಬಣ್ಣ, ಗೆರೆ ಒಂದೇ ಓರೆ, ದಿನದಿಂದ ದಿನಕ್ಕೆ ಬೇಸರ ಮಾತ್ರ ಹೆಚ್ಚು. ಕಾವಲುಗಾರನ ಪುಟಗಳೆಲ್ಲ ಹಾಗೆಯೇ ಇದ್ದವು. 'ಬಾಗಿಲು ಮುಚ್ಚಿದೆ, ಎಲ್ಲ ಸರಿಯಿದೆ.' 'ಬಾಗಿಲು ಮುಚ್ಚಿದೆ, ಎಲ್ಲ ಸರಿಯಿದೆ.' ನಾನು ಬೆರಳಿಟ್ಟು ಒಂದೊಂದೇ ಸಾಲು ಇಳಿದೆ, ಮತ್ತು ಒಂದು ಕಡೆ ನಿಂತೆ.

"ಬ್ರಯನ್, ಈ ಸಾಲು ಓದಿ."

ಅವರು ಕನ್ನಡಕ ಏರಿಸಿ ಓದಿದರು. ಫೆಬ್ರವರಿ ಮೂವತ್ತರ ರಾತ್ರಿಯೂ ಬಾಗಿಲು ಮುಚ್ಚಿತ್ತು. ಎಲ್ಲ ಸರಿಯಿತ್ತು.

ಅರೋಹಾ ಮೊದಲು ನಕ್ಕರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು, ನಗು ನಿಂತಿತ್ತು. "ಈ ಪುಸ್ತಕದ ಮುಂದೆ ಐದು ವರ್ಷದಿಂದ ಸುಳ್ಳುಗಾತಿ ಆಗಿದೀನಿ ನಾನು," ಎಂದರು.

ಬ್ರಯನ್ನರ ಮುಖ ಕೆಂಪಗಾಯಿತು. "ದಿನಚರಿ ಸುಳ್ಳು ಅಂತಾದರೂ ನಿನ್ನಜ್ಜಿ ತೆರೆದಳು ಅನ್ನೋದಕ್ಕೆ ಅದು ಸಾಕ್ಷಿ ಆಗಲ್ಲ," ಎಂದರು ಮೆಲ್ಲಗೆ. ಅನ್ಯಾಯದ ಮಾತಾದರೂ ತರ್ಕ ಸರಿಯಾಗಿತ್ತು.

ಇತ್ತ ಶೈಲಾ ಅಡುಗೆಮನೆಯ ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಬಾಗಿಲು ಗಾಳಿಗೆ ಬಡಿಯದಂತೆ ಅಡಿಯಲ್ಲಿ ಒಂದು ಮರದ ತುಂಡು ಇಟ್ಟಿದ್ದರು. ಅದನ್ನೇ ನೋಡುತ್ತಿದ್ದಳು.

"ಅಕ್ಕಾ, ಇಲ್ಲಿ ಬಾ. ಇದು ಬಾಗ್ಲಾ ತಡಿಯೋ ಕಟಿಗಿ ಅಲ್ಲ. ಬೆಣಿ ಇದು."

"ಬೆಣೆಯೇ ಇರಬಹುದು. ಅದರಲ್ಲೇನು?"

"ಏನು ಅಂದ್ರ? ಇಷ್ಟು ಗಟ್ಟಿ ಕಟಿಗಿ ಎರಡೂ ಮಗ್ಗಲಾ ಜಜ್ಜಿ ಹೋಗ್ಯಾವ. ಅಡಗಿ ಮನಿ ಬಾಗ್ಲಾ ಹಿಂಗ ಜಜ್ಜತದೇನು? ಇಷ್ಟು ಒತ್ತಬೇಕಂದ್ರ ಅದು ನೀರs. ಇಲ್ಲಿ ನೋಡು, ತುಕ್ಕಿನ ಗೆರಿ, ಎರಡ. ಲಾಕಿನ ಕದಕ್ಕ ಬಡದ ಪಟ್ಟಿ ಕಬ್ಬಿಣದ್ದು." ಅವಳು ಚೀಲದಿಂದ ಅಳತೆ ಪಟ್ಟಿ ತೆಗೆದಳು. "ಪಟ್ಟಿ ಪಟ್ಟಿ ನಡುವಿನ ಅಂತರ ನನಗ ಬಾಯಿಪಾಠ ಅದ. ನಾನs ಬರದೇನಲ್ಲ."

ಅಳೆದಳು. ಇನ್ನೊಮ್ಮೆ ಅಳೆದಳು. ಬ್ರಯನ್ನರಿಗೆ ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಹೇಳಿದಳು: ಅಳತೆ ಕೂಡುತ್ತದೆ.

ಮತ್ತೆ ಕದಗಳ ಹತ್ತಿರ

ನಾವು ನಾಲ್ವರೂ ಬೆಣೆ ಹಿಡಿದು ದಡಕ್ಕೆ ಹೋದೆವು. ಉಬ್ಬರ ಆಗತಾನೆ ಏರಲು ತೊಡಗಿತ್ತು. ಮುಟ್ಟಬಾರದೆಂದು ಬರೆದ ಫಲಕದ ಎದುರಿಗೇ ಬ್ರಯನ್ ಸರಪಳಿಯನ್ನು ಸಡಿಲಿಸಿದರು; ಕದಗಳು ಕೊಂಚ ಅಗಲಿದವು. ಕೈಗವಸು ಇನ್ನೂ ಹಾಕಿಕೊಂಡೇ ಇದ್ದರು. ಅರೋಹಾ ಕದದ ಮೇಲಿನ ಹಲಗೆಯ ಮೇಲೆ ಬೋರಲು ಮಲಗಿ ಬೆಣೆಯನ್ನು ಎರಡು ಕದಗಳ ನಡುವೆ ಇಳಿಬಿಟ್ಟರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ನೀರು ಏರಿತು, ಮರ ನರಳಿತು, ಕದಗಳು ನಿಧಾನವಾಗಿ ಕೂಡಿಕೊಳ್ಳಲು ಬಂದು ಬೆಣೆಯನ್ನು ಕಚ್ಚಿ ನಿಂತವು. ಕಬ್ಬಿಣದ ಪಟ್ಟಿಗಳು ಹಳೆಯ ಗೆರೆಗಳ ಮೇಲೆಯೇ ಕೂತವು. ಅರೋಹಾ ಕೈ ಚಾಚಿ ಸಂದಿಯಲ್ಲಿ ಹೆಬ್ಬೆರಳು, ಕಿರುಬೆರಳು ಅಗಲಿಸಿದರು. ಒಂದು ಗೇಣು, ಎರಡೂ ಕದಗಳಿಗೆ ತಾಗಿತು.

ಯಾರೂ ಮಾತನಾಡಲಿಲ್ಲ. ನಾನೂ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ಕೊನೆಗೆ ಬ್ರಯನ್ ಕೈಗವಸು ಕಳಚಿ, "ಗುರುವಾರ ಸಮಿತಿ ಸೇರುತ್ತೆ. ನಾನೇ ಹೇಳ್ತೀನಿ," ಎಂದರು.

ವಾಪಸು ಬರುವಾಗ ಕಾರು ಓಡಿಸುತ್ತ ಶೈಲಾ ಹೇಳಿದಳು: "ಅಕ್ಕಾ, ನೀ ಈಗ ಭಾಷಣಾ ಮಾಡಬ್ಯಾಡ. ನಾನs ಇನ್ನೊಂದು ಡ್ರಾಯಿಂಗ್ ಮಾಡ್ತೀನಿ." ಮಾಡಿದಳು. ಗೋಡೆಯಿಲ್ಲದ, ಕದಗಳನ್ನು ದುರಸ್ತಿ ಮಾಡಿ ಬೆಣೆಗೆ ಜಾಗ ಬಿಟ್ಟ ನಕ್ಷೆ. ಮೊದಲ ನಕ್ಷೆ ಜಾಗ ನೋಡದೆ ಬರೆದದ್ದು, ಅದನ್ನು ಕೈಬಿಡಬೇಕು ಎಂದು ತನ್ನ ಸಹಿ ಹಾಕಿ ಬರೆದಳು. ಕಚೇರಿಯ ಮೇಲಿನವರು ಅವಳೊಂದಿಗೆ ಎರಡು ದಿನ ನೆಟ್ಟಗೆ ಮಾತನಾಡಲಿಲ್ಲ.

ಮೈಸೂರಿಗೆ ಬಂದ ಮೇಲೆ

ಸಮಿತಿಯ ತೀರ್ಮಾನವನ್ನು ಶೈಲಾ ಫೋನಿನಲ್ಲಿ ತಿಳಿಸಿದಳು.

"ಬೆಣಿ ಅವರಿಗೆ ಭಾಳ ಸೇರೇದ ಅಕ್ಕಾ. ಗಾಜಿನ ಪೆಟ್ಟಿಗಿ ಮಾಡಸ್ಲಿಕತ್ತಾರ. ಒಳಗ ಲೈಟು. ಮಕೆರೆ ಅಂತ ಹೆಸರು ಸೈತ ಬರಸ್ತಾರಂತ."

"ಕದ?"

"ಕಾಂಕ್ರೀಟ್ ಮುಂದಿನ ತಿಂಗಳಾನs. ಬಿಂಬ ಬೇಕಂತ ಅವರಿಗೆ. ಬ್ರಯನ್ ಮತ್ತ ಇನ್ನೊಬ್ಬರು ಅಷ್ಟs ಬ್ಯಾಡ ಅಂದ್ರು. ಐದು ಮಂದಿ ಕೈ ಎತ್ತಿದ್ರು."

ನಾನು ಮೊದಲು ಹೇಳಿದ ಐವರು ಒಳ್ಳೆಯವರ ಲೆಕ್ಕವನ್ನು ಪರಿಷ್ಕರಿಸಬೇಕಾಗಿದೆ.

ಆದ್ದರಿಂದ ಉಳಿದ ಮಾತು ಅವರಿಗೆ. ಇದನ್ನು ಶೈಲಾ ಇಂಗ್ಲಿಷಿಗೆ ತಿರುಗಿಸಿ, ಅರೋಹಾ ಅವರೊಂದಿಗೆ ಹೋಗಿ, ಸಮಿತಿಯ ಮುಂದಿನ ಸಭೆಯಲ್ಲಿ ಓದುತ್ತಾಳೆ.

ಸಮಿತಿಯ ಸದಸ್ಯರೇ, ಹಿಂದೆ ನಡೆಯುತ್ತಿದ್ದಂತೆಯೇ ಕಾಪಾಡಬೇಕೆಂಬುದು ನೀವೇ ಬರೆದುಕೊಂಡ ನಿಯಮ. ಹಿಂದೆ ಹೇಗೆ ನಡೆಯುತ್ತಿತ್ತೆಂಬುದು ಈಗ ನಿಮಗೆ ಗೊತ್ತು. ಗೊತ್ತೆಂದು ಒಪ್ಪಿಯೇ ನೀವು ಗಾಜಿನ ಪೆಟ್ಟಿಗೆ ಮಾಡಿಸುತ್ತಿದ್ದೀರಿ. ಸಾಕ್ಷಿಯನ್ನು ಪ್ರದರ್ಶನಕ್ಕಿಟ್ಟು ಅದರ ಎದುರಿಗೇ ದಾರಿ ಮುಚ್ಚುವುದಕ್ಕೆ ಪರಂಪರೆ ಎನ್ನುವುದಿಲ್ಲ. ಕಾಂಕ್ರೀಟಿನ ಆದೇಶವನ್ನು ಈ ಸಭೆಯಲ್ಲೇ ರದ್ದು ಮಾಡಿ. ಶೈಲಾಳ ಎರಡನೆಯ ನಕ್ಷೆಗೆ ಸಹಿ ಹಾಕಿ. ಗಾಜಿನ ಪೆಟ್ಟಿಗೆಯ ಕೀಲಿಯನ್ನು ಅರೋಹಾ ಅವರ ಕೈಗೆ ಕೊಡಿ. ಶರತ್ಕಾಲದ ಮೊದಲ ದೊಡ್ಡ ಮಳೆ ಬೀಳುವ ದಿನ, ಕತ್ತಲಾಗುವುದಕ್ಕೆ ಮುಂಚೆ, ಆ ಬೆಣೆ ನೀರಿನಲ್ಲಿ ಎರಡು ಕದಗಳ ನಡುವೆ ಇರಬೇಕು.